ಬ್ಯಾಟರಿ ಇಡಲೊಂದು ಜಾಗ

ದುರ್ಗಪ್ಪ ಪೇಪರ್ ಮಿಲ್ಲಿನಿಂದ ರಿಟೈರಾಗಿ ಮನೆಯಲ್ಲಿ ಕೂತ ಮೇಲೆ ಎಲ್ಲರಿಗಿಂತ ಮೊದಲು ಬೇಸತ್ತವಳು ಸೊಸೆ ಸ್ವಪ್ನಾ. ಮಿಲ್ಲಿನಲ್ಲಿ ಅವನು ಮೀಟರು, ಗೇಜುಗಳನ್ನು ರಿಪೇರಿ ಮಾಡುವ ಕೆಲಸದಲ್ಲಿದ್ದವನು. ಕೈ ಸುಮ್ಮನಿರದು. ಮುಂಜಾನೆ ಚಹಾ ಕುಡಿದವನೇ ಅಡುಗೆಮನೆಗೆ ಬಂದು ಗ್ಯಾಸಿನ ಉರಿ ಸಣ್ಣದು ಮಾಡುವನು. ಡಬ್ಬಿಗಳ ಮುಚ್ಚಳ ಬಿಗಿಯಿಲ್ಲವೆಂದು ಒಂದೊಂದನ್ನೇ ತಿರುವುವನು. ನಲ್ಲಿಯ ವಾಷರ್ ಬದಲಿಸಿದ, ಫ್ಯಾನು ಇಳಿಸಿ ಏರಿಸಿದ, ಸರಿಯಾಗಿಯೇ ನಡೆಯುತ್ತಿದ್ದ ಗೋಡೆ ಗಡಿಯಾರವನ್ನು ಬಿಚ್ಚಿ ಮತ್ತೆ ಕೂಡಿಸಿದ. ಸ್ವಪ್ನಾ ಪೇಟೆಗೆ ಹೋಗಿದ್ದಾಗ ಅವಳ ಹೊಲಿಗೆ ಮಷೀನಿಗೂ ಎಣ್ಣೆ ಬಿಟ್ಟ. ಮರುದಿನ ಬ್ಯಾಂಕಿನ ಮೇಡಂ ಹೊಲಿಯಲು ಕೊಟ್ಟಿದ್ದ ಬಿಳಿ ರೇಷ್ಮೆಯ ಬ್ಲೌಸ್ ಪೀಸಿನ ಬೆನ್ನ ಮೇಲೆ ರೂಪಾಯಿಯಗಲದ ಕಲೆ ಬಿತ್ತು.

"ಅತ್ತೀ, ನನ್ನ ಮಷೀನ್ ಮುಟ್ಟಬ್ಯಾಡ್ರಿ ಅಂತ ಮಾವಾರಿಗೆ ಹೇಳ್ರಿ."

"ನೀನ ಹೇಳು."

"ನಾ ಹೆಂಗ ಹೇಳ್ಲಿ?"

"ಲಗ್ನ ಆದಾಗಿಂದ ನಾ ಹೇಳಕೋತ ಬಂದೇನಿ. ಕೇಳ್ಯಾರೇನು?" ಸಕ್ಕುಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು. "ಮೊದಲ ಒಂದು ಶಿಫ್ಟರೆ ಹೊರಗ ಇರತಿದ್ರು. ಈಗ ಮೂರೂ ಶಿಫ್ಟ್ ನನ್ನ ತಲಿ ಮ್ಯಾಲ."

ಸ್ವಪ್ನಾಳ ಗಂಡ ಮಲ್ಲೇಶನೂ ಅದೇ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅವನಿಗೆ ಹೆಚ್ಚಾಗಿ ರಾತ್ರಿಪಾಳಿ. ಮುಂಜಾನೆ ಬಂದು ಉಂಡು ಮಲಗಿದನೆಂದರೆ ಮಧ್ಯಾಹ್ನ ದಾಟುವವರೆಗೆ ಏಳುತ್ತಿರಲಿಲ್ಲ. ಇದ್ದವು ಎರಡೇ ಕೋಣೆ, ಹಿಂದೆ ಒಂದು ಅಡುಗೆಮನೆ. ಮುಂದಿನ ಕೋಣೆಯಲ್ಲಿ ಸ್ವಪ್ನಾಳ ಮಷೀನು ನಡೆಯಬೇಕು, ಒಳಕೋಣೆಯಲ್ಲಿ ಮಲ್ಲೇಶ ನಿದ್ದೆ ಮಾಡಬೇಕು, ನಡುವೆ ದುರ್ಗಪ್ಪ ಸ್ಕ್ರೂಡ್ರೈವರ್ ಹಿಡಿದು ತಿರುಗಬೇಕು.

ಆ ವರ್ಷದ ದೀಪಾವಳಿಗೆ ವಾಸ್ಕೋದಿಂದ ವಿಠ್ಠಲ ಬಂದ. ಮುಂಡಗೋಡಿನಲ್ಲಿರುವ ದುರ್ಗಪ್ಪನ ಅಕ್ಕ ಗುರುಸಿದ್ದವ್ವನ ಮಗ ಅವನು. ಬಂದರಿನಲ್ಲಿ ಹಡಗಿನ ಸಾಮಾನು ಸಾಗಿಸುವ ಆಫೀಸಿನಲ್ಲಿದ್ದ. ಹಡಗಿನ ಇಂಜಿನಿಯರ್ ಒಬ್ಬ ಊರಿಗೆ ಹೊರಡುವಾಗ ಬಿಟ್ಟುಕೊಟ್ಟನೆಂದು ಒಂದು ದೊಡ್ಡ ಖೋಕಾ ತಂದಿದ್ದ. ಬಿಚ್ಚಿದರೆ ಮೊಳದುದ್ದದ ಕೆಂಪು ಟ್ರಕ್ಕು. ದಪ್ಪದಪ್ಪ ಟಾಯರು, ಪಿಸ್ತೂಲಿನಂಥ ರಿಮೋಟು. ಅಂಗಳದಲ್ಲಿ ಬಿಟ್ಟರೆ ಅದು ತುಳಸಿಕಟ್ಟೆಯನ್ನು ಒಂದು ಸುತ್ತು ಹಾಕಿ, ಪಕ್ಕದ ಮನೆಯ ಗೋದುಬಾಯಿಯ ಕೋಳಿಗಳನ್ನು ಅಟ್ಟಿಸಿಕೊಂಡು ಓಣಿಯ ತುದಿ ಮುಟ್ಟಿತು. ದುರ್ಗಪ್ಪ ಮಗುವಿನ ಹಾಗೆ ನಕ್ಕದ್ದನ್ನು ಸ್ವಪ್ನಾ ಆವತ್ತೇ ಮೊದಲು ನೋಡಿದ್ದು.

ಜೊತೆಗೆ ನಾಲ್ಕು ಬ್ಯಾಟರಿಗಳಿದ್ದವು. ಬಿಸ್ಕೀಟಿನ ಪುಡಿಕೆಯಷ್ಟು ಗಾತ್ರ, ಮೆತ್ತನೆಯ ಹೊದಿಕೆ, ತುದಿಗೆ ಕೆಂಪು ಕಪ್ಪು ವೈರು.

"ಮಾವಾ, ಗಾಡಿ ಬೇಕಾದ್ರ ಆಟದ ಸಾಮಾನು ಅನ್ರಿ. ಬ್ಯಾಟರಿ ಆಟದ್ದಲ್ಲ," ಎಂದು ವಿಠ್ಠಲ ನೆಲದ ಮೇಲೆ ಕೂತು ಹೇಳಿದ. "ಇದಕ್ಕ ಲಿಪೊ ಅಂತಾರ. ಪೂರಾ ಚಾರ್ಜ್ ಮಾಡಿ ಇಡಬಾರದು, ಪೂರಾ ಖಾಲಿನೂ ಬಿಡಬಾರದು. ಆಡಸೂದಿಲ್ಲಂದ್ರ ಅರ್ಧಕ್ಕ ಇಳಿಸಿ ಇಡ್ರಿ. ಒಲಿ ಹತ್ರ ಬ್ಯಾಡ, ಬಿಸಲಾಗ ಬ್ಯಾಡ. ಒತ್ತಬಾರದು, ಚುಚ್ಚಬಾರದು. ವೈರಿನ ತುದಿಗೆ ತಾಮ್ರ ಹಿತ್ತಾಳಿ ಏನರೆ ತಾಗಿದ್ರ ಬೆಂಕಿನ. ಉಸುಕಿನ್ಯಾಗ ಇಟ್ರ ಛಲೋ."

"ಏನೋ ವಿಠ್ಠಲಾ, ಇದು ಬ್ಯಾಟರಿನೋ ಬಾಣಂತಿನೋ?" ಎಂದಳು ಸಕ್ಕುಬಾಯಿ.

ಎಲ್ಲರೂ ನಕ್ಕರು. ದುರ್ಗಪ್ಪ ಮಾತ್ರ ತನ್ನ ಹಳೆಯ ಮೀಟರ್ ತಂದು ಬ್ಯಾಟರಿಗೆ ಹಚ್ಚಿ ಮುಳ್ಳು ನೋಡುತ್ತಿದ್ದ.

ಅಂದಿನಿಂದ ಅಡುಗೆಮನೆಗೆ ಬಿಡುಗಡೆಯಾಯಿತು. ಸಂಜೆಯಾದರೆ ದುರ್ಗಪ್ಪ ಚೀಲ ಹೆಗಲಿಗೇರಿಸಿ ಓಣಿಯಾಚೆಯ ಬಯಲಿಗೆ ಹೋಗುತ್ತಿದ್ದ. ಕಟ್ಟಿಗೆ ಲಾರಿಗಳು ಮೊದಲು ನಿಲ್ಲುತ್ತಿದ್ದ ಜಾಗ ಅದು. ಅಲ್ಲಿ ಮಣ್ಣಿನ ದಿಬ್ಬ ಮಾಡಿ ಗಾಡಿ ಹಾರಿಸುತ್ತಿದ್ದ. ಪಾಳಿ ಮುಗಿಸಿ ಬಂದವರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು. ಅವನಿಗೆ 'ಗಾಡಿ ದುರ್ಗಪ್ಪ' ಎಂಬ ಹೆಸರೂ ಬಂತು. ಹಸಿದು ಮನೆಗೆ ಬಂದು ರೊಟ್ಟಿ ಝುಣಕವನ್ನು ಸದ್ದಿಲ್ಲದೆ ಉಣ್ಣುತ್ತಿದ್ದ. ಉಪ್ಪು ಹೆಚ್ಚಾಯಿತು ಕಡಿಮೆಯಾಯಿತು ಎಂಬ ಮಾತೇ ಇಲ್ಲ.

ತಕರಾರು ಹುಟ್ಟಿದ್ದು ಬ್ಯಾಟರಿ ಇಡುವ ಜಾಗಕ್ಕೆ. ಮೊದಲು ಅವನು ಬಟ್ಟೆಯ ಕಪಾಟಿನಲ್ಲಿಟ್ಟ. ಪತ್ತಲಗಳ ನಡುವೆ ವೈರು ಕಂಡು ಸಕ್ಕುಬಾಯಿ ತೆಗೆದು ಹೊರಗಿಟ್ಟಳು. ಅಟ್ಟದ ಮೇಲೆ ಶೀಟಿನ ಕಾವು. ಅಡುಗೆಮನೆಯ ಗೂಡು ಒಲೆಗೆ ಹತ್ತಿರ. ಒಂದು ಮುಂಜಾನೆ ಹಾಲು ತೆಗೆಯಲು ಹೋದ ಸ್ವಪ್ನಾಳಿಗೆ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ನಾಲ್ಕೂ ಬ್ಯಾಟರಿಗಳು ಪ್ಲಾಸ್ಟಿಕ್ ಚೀಲದಲ್ಲಿ ಮಲಗಿದ್ದು ಕಂಡಿತು. ಆ ಫ್ರಿಜ್ಜು ಹಳಿಯಾಳದ ಅವಳ ತವರಿನವರು ಕೊಟ್ಟದ್ದು. ಅವಳು ಒಳಕೋಣೆಗೆ ಹೋಗಿ ಆಗಷ್ಟೇ ಮಲಗಿದ್ದ ಗಂಡನ ಹೊದಿಕೆ ಎಳೆದಳು.

"ಏಳ್ರಿ. ನಿಮ್ಮಪ್ಪಾರ ಬ್ಯಾಟರಿ ತಗೀತೀರೋ, ಇಲ್ಲಾ ನಾ ಹಾಲು ಮೊಸರು ತಗದು ಹೊರಗ ಇಡ್ಲೋ?"

"ಅಲ್ಲಿ ತಂಪ ಇರತೈತಿ ಅಂತ ಇಟ್ಟಿರಬೇಕು. ಬಿಡ..."

"ಉಣ್ಣೂ ಸಾಮಾನಿನ್ಯಾಗ ವಿಷ ಇಟ್ರ ಬಿಡಬೇಕೇನು?"

ಹೊರಗೆ ದುರ್ಗಪ್ಪ ಇದನ್ನೆಲ್ಲ ಕೇಳಿಸಿಕೊಂಡ. ಬಂದು ಚೀಲ ತೆಗೆದುಕೊಂಡು ಹೋದ. ಮಧ್ಯಾಹ್ನ ಕಾಳಿ ಹೊಳೆಯ ದಂಡೆಗೆ ಹೋಗಿ ಎರಡು ಚೀಲ ಉಸುಕು ತಂದು ಬಿಸಿಲಿಗೆ ಹರವಿದ. ಒಣಗಿದ ಮೇಲೆ ಸಕ್ಕುಬಾಯಿಯ ತಗಡಿನ ದೊಡ್ಡ ಡಬ್ಬಿಯಲ್ಲಿ ಅರ್ಧ ತುಂಬಿ ಎರಡು ಬ್ಯಾಟರಿ ಹುಗಿದ. ಉಳಿದೆರಡನ್ನು ಒಂದು ಮಣ್ಣಿನ ಗಡಿಗೆಯಲ್ಲಿ. ಎರಡನ್ನೂ ಬಚ್ಚಲಿನಾಚೆಯ ನೆರಳಿಗಿಟ್ಟ.

"ಅದು ನನ್ನ ಸಂಡಿಗಿ ಡಬ್ಬಿ," ಎಂದಳು ಸಕ್ಕುಬಾಯಿ.

"ಸಂಡಿಗಿ ಹಾಕೂ ಹೊತ್ತಿಗೆ ಕೊಡತೇನಿ ತಗೋ."

ಚಳಿ ಕಳೆದು ಬಿಸಿಲು ಏರಿತು. ಹೋಳಿಯ ನಂತರ ಡಬ್ಬಿಯಲ್ಲಿದ್ದ ಎರಡರಲ್ಲಿ ಒಂದು ಬ್ಯಾಟರಿ ಉಬ್ಬಿತು. ಪುಡಿಕೆಯ ಹೊಟ್ಟೆ ಪೂರಿಯ ಹಾಗೆ ಎದ್ದಿತ್ತು. ಮಲ್ಲೇಶ ಅದನ್ನು ಊಟದ ಹೊತ್ತಿನಲ್ಲಿ ನೋಡಿದ.

"ಅಪ್ಪಾ, ಇದನ್ನ ಒಗೀರಿ."

"ಇನ್ನೂ ಓಡತೈತಿ. ಮೀಟರ್ ಸರಿ ತೋರಸ್ತೈತಿ."

"ಮೀಟರ್ ತಗೊಂಡು ಏನ್ ಮಾಡ್ತೀರಿ? ಹೊಟ್ಟಿ ನೋಡ್ರಿ ಅದರದ್ದು."

"ನನಗ ಕಲಸಬ್ಯಾಡ. ಒಂದ ಕೆಲಸ ಮಾಡು. ಹಿತ್ತಲದಾಗ ಗ್ವಾಡಿಗೆ ಹಚ್ಚಿ ನಾಕು ಇಟ್ಟಂಗಿ ಇಟ್ಟು ಗೂಡು ಮಾಡಿಕೊಡು. ಅಲ್ಲೇ ಇಡತೇನಿ, ಯಾರಿಗೂ ಕಾಟ ಇಲ್ಲ. ನನ್ನ ಸೊಂಟಾ ಇಟ್ಟಂಗಿ ಎತ್ತಾಕ ಬಿಡೂದಿಲ್ಲ."

"ನಾಳೆ ಮಾಡೂಣಂತ."

"ಸಂಕ್ರಾಂತಿಯಿಂದ ಇದ ನಾಳೆ ಕೇಳಾಕತ್ತೇನಿ."

"ರಾತ್ರಿಯೆಲ್ಲಾ ಮಷೀನ್ ಮುಂದ ನಿಂತು ಬಂದಿರತೇನ್ರಿ!" ಮಲ್ಲೇಶ ತಾಟು ಸರಿಸಿದ. "ಹಗಲ ಈ ಮನ್ಯಾಗ ಒಂದು ತಾಸು ಕಣ್ಣು ಮುಚ್ಚಾಕ ಆಗೂದಿಲ್ಲ. ಗಾಡಿ ಗೂಡು ಕಟ್ಟಬೇಕಂತ, ಗಾಡಿ ಗೂಡು!"

ಸಕ್ಕುಬಾಯಿ ಅವನ ತಾಟನ್ನು ಮತ್ತೆ ಮುಂದೆ ತಳ್ಳಿದಳು. ಅವನು ಉಣ್ಣದೆ ಎದ್ದ. ದುರ್ಗಪ್ಪ ಉಂಡ, ಆದರೆ ಆ ಸಂಜೆ ಬಯಲಿಗೆ ಹೋಗಲಿಲ್ಲ. ಉಬ್ಬಿದ್ದನ್ನು ಒಗೆಯಲೂ ಇಲ್ಲ.

ಏಪ್ರಿಲ್ ತಿಂಗಳಲ್ಲಿ ಓಣಿಯ ಹುಡುಗರು ಒಂದು ರವಿವಾರ ಗಾಡಿಯ ಆಟ ಇಟ್ಟುಕೊಂಡರು. ಮೈಕು ತರುತ್ತೇವೆಂದರು, ಸುಣ್ಣದ ಗೆರೆ ಹಾಕುತ್ತೇವೆಂದರು. ಶನಿವಾರ ದುರ್ಗಪ್ಪ ಕಟ್ಟೆಯ ಮೇಲೆ ಕೂತು, ಕಣ್ಣು ತೆಗೆಯದೆ, ಡಬ್ಬಿಯ ಎರಡೂ ಬ್ಯಾಟರಿಗಳನ್ನು ಪೂರಾ ಚಾರ್ಜ್ ಮಾಡಿದ. ಅಷ್ಟರಲ್ಲಿ ಮುಂಡಗೋಡಿನಿಂದ ಫೋನು ಬಂತು. ಗುರುಸಿದ್ದವ್ವ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. ವಿಠ್ಠಲ ವಾಸ್ಕೋದಿಂದ ಬರುವವರೆಗೆ ದವಾಖಾನೆಯಲ್ಲಿ ಕೂಡಲು ಗಂಡಸರಿಲ್ಲ. ದುರ್ಗಪ್ಪ ಬ್ಯಾಟರಿಗಳನ್ನು ಉಸುಕಿಗೆ ಹಾಕಿ, ಎರಡು ಅಂಗಿ ಮಡಚಿಕೊಂಡು, ಸಿಕ್ಕ ಬಸ್ಸು ಹತ್ತಿದ.

ಅವನು ಅತ್ತ ಹೋದದ್ದೇ ಸಕ್ಕುಬಾಯಿ ಸಂಡಿಗೆಗೆ ಕೂತಳು. ಬಿಸಿಲು ಹದವಾಗಿತ್ತು. ಗೋದುಬಾಯಿಯ ಮನೆಯ ಮಾಳಿಗೆ ಅಗಲವಾಗಿತ್ತು. ಬುಧವಾರ ಬೆಳಿಗ್ಗೆ ಬಟ್ಟೆ ಒಗೆಯಲು ಹೋದ ಸ್ವಪ್ನಾ, ತಗಡಿನ ಡಬ್ಬಿ ಬೆಳಗಿಸಿಕೊಂಡು ಕಲ್ಲಿನ ಮೇಲೆ ಬೋರಲು ಬಿದ್ದಿರುವುದನ್ನು ಕಂಡಳು. ಒಂದು ಗಳಿಗೆ ನಿಂತಳು. ಅದರಲ್ಲಿದ್ದದ್ದು ಎಲ್ಲಿ ಹೋಯಿತು ಎಂದು ಕೇಳಬೇಕೆನಿಸಿತು. ಎಲ್ಲಿಗಾದರೂ ಹೋಗಲಿ, ಕಣ್ಣೆದುರಿಗೆ ಇಲ್ಲವಲ್ಲ ಎಂದೂ ಅನಿಸಿತು. ಮದುವೆಯ ಬ್ಲೌಸುಗಳು ಕಾದಿದ್ದವು. ಬಟ್ಟೆ ಹಿಂಡಿ ಹಾಕಿ ಒಳಗೆ ಹೋದಳು.

ಮಧ್ಯಾಹ್ನ ಓಣಿ ಸುಮ್ಮನಾಗಿತ್ತು. ಅತ್ತೆ ಗೋದುಬಾಯಿಯ ಮಾಳಿಗೆಯಲ್ಲಿ ಸಂಡಿಗೆ ಕಾಯುತ್ತಿದ್ದಳು. ಗಂಡ ಒಳಕೋಣೆಯಲ್ಲಿ ಮಲಗಿದ್ದ. ಸ್ವಪ್ನಾ ತೋಳಿಗೆ ಅಂಚು ಹಚ್ಚುತ್ತಿದ್ದಾಗ ಕಾದ ಹೆಂಚಿಗೆ ನೀರು ಚಿಮುಕಿಸಿದಂಥ ಸದ್ದು ಕೇಳಿತು. ಕಾಲು ನಿಲ್ಲಿಸಿ ಕಿವಿಗೊಟ್ಟಳು. ಆಮೇಲೆ ಉಗುರುಬಣ್ಣದಂಥ ಸಿಹಿ ವಾಸನೆ. ಒಳಕೋಣೆಯ ಬಾಗಿಲಿಗೆ ಆನಿಸಿಟ್ಟಿದ್ದ ಟ್ರಂಕಿನ ಸಂದಿನಿಂದ ಬಿಳಿ ಹೊಗೆ ಬರುತ್ತಿತ್ತು. ಸಕ್ಕುಬಾಯಿಯ ಲಗ್ನದ ಹಿತ್ತಾಳೆ ಪಾತ್ರೆಗಳು, ತಾಮ್ರದ ಕೊಡ ತುಂಬಿದ್ದ ಟ್ರಂಕು ಅದು.

"ರೀ! ಏಳ್ರೀ! ಬೆಂಕಿ!"

ಮಲ್ಲೇಶ ಮಗ್ಗುಲಾದ. ಒಳಕೋಣೆಗೆ ಬೇರೆ ಬಾಗಿಲಿಲ್ಲ. ಕಿಟಕಿಗೆ ಸರಳು. ಟ್ರಂಕಿನ ಮುಚ್ಚಳ ಒಂದು ಸಲ ಎದ್ದು ಕೂತಿತು, ಸಂದಿನಿಂದ ನಾಲಿಗೆಯಂತೆ ಉರಿ ಹೊರಬಂದು ಮೊಳೆಗೆ ತೂಗುಹಾಕಿದ್ದ ಬ್ಲೌಸಿನ ಅಂಚು ಹಿಡಿಯಿತು. ಸ್ವಪ್ನಾ ಸೆರಗು ಕೈಗೆ ಸುತ್ತಿಕೊಂಡು ಟ್ರಂಕಿನ ಹಿಡಿಕೆಗೆ ಕೈ ಹಾಕಿದಳು. ಎಳೆದಳು. ಪಾತ್ರೆಗಳ ಭಾರಕ್ಕೆ ಅದು ಮುಂಬಾಗಿಲ ಹೊಸ್ತಿಲಲ್ಲಿ ಸಿಕ್ಕಿಕೊಂಡಿತು. ಸೆರಗು ಜಾರಿ ಬರಿಗೈ ಕಬ್ಬಿಣಕ್ಕೆ ತಾಗಿತು. ಬಿಟ್ಟರೆ ಬಾಗಿಲಲ್ಲೇ ಉರಿಯುತ್ತದೆ ಎಂಬುದೊಂದೇ ಅವಳಿಗೆ ಗೊತ್ತಿದ್ದದ್ದು. ಇನ್ನೊಂದು ಸಲ ಜಗ್ಗಿದಾಗ ಟ್ರಂಕು ಹೊಸ್ತಿಲು ದಾಟಿ ಅಂಗಳಕ್ಕೆ ಉರುಳಿತು. ಮುಚ್ಚಳ ಹಾರಿತು. ಮತಾಪಿನಂಥ ಉರಿ ಆಳೆತ್ತರ ಎದ್ದು, ಪಾತ್ರೆಗಳು ಠಣ್ಣೆಂದು ಚೆಲ್ಲಿದವು. ಮಾಳಿಗೆಯ ಮೇಲಿಂದ ಅತ್ತೆಯ ಚೀರು ಕೇಳಿತು. ಮಲ್ಲೇಶ ಲುಂಗಿ ಹಿಡಿದುಕೊಂಡು ಹೊಗೆಯಲ್ಲಿ ಕೆಮ್ಮುತ್ತ ಹೊರಗೆ ಬಂದ. ಉರಿಯುತ್ತಿದ್ದ ಬ್ಲೌಸನ್ನು ಕಿತ್ತು ಅಂಗಳಕ್ಕೆ ಒಗೆದ.

ಸ್ವಪ್ನಾಳ ಬಲಗೈಯ ಅಂಗೈ, ನಾಲ್ಕು ಬೆರಳು ಸುಟ್ಟಿದ್ದವು. ದವಾಖಾನೆಯಲ್ಲಿ ಡಾಕ್ಟರು ಪಟ್ಟಿ ಸುತ್ತಿ, ಗುಣವಾಗುತ್ತದೆ, ಆದರೆ ಈ ಸೀಜನ್ ಕತ್ತರಿ ಹಿಡಿಯುವ ಮಾತು ಬಿಡು ಎಂದರು.

ಸುದ್ದಿ ತಿಳಿದು ಸಂಜೆ ಬಸ್ಸಿಗೆ ದುರ್ಗಪ್ಪ ಬಂದ. ಅಂಗಳದಲ್ಲಿ ಕರಿಮಸಿ, ಸೊಟ್ಟಾದ ಟ್ರಂಕು. ಮಲ್ಲೇಶ ಬಾಗಿಲಲ್ಲೇ ಅವನನ್ನು ನಿಲ್ಲಿಸಿದ.

"ಖುಷಿ ಆತೇನು? ಇಕಿ ಸತ್ತಿದ್ರ ಏನ್ ಮಾಡ್ತಿದ್ರಿ? ನಾ ಒಳಗ ಸುಟ್ಟು ಹೋಗಿದ್ರ ಗಾಡಿ ಅನ್ನ ಹಾಕತಿತ್ತೇನು ನಿಮಗ?"

ದುರ್ಗಪ್ಪ ಸೊಸೆಯ ಕೈ ನೋಡಿದ. ಟ್ರಂಕು ನೋಡಿದ. ಆಮೇಲೆ ಬಚ್ಚಲಿನತ್ತ ನಡೆದು, ತಾನಿಟ್ಟ ಜಾಗದಲ್ಲಿ ಡಬ್ಬಿಯಿಲ್ಲದ್ದನ್ನೂ, ಗೋಡೆಯ ಬುಡದಲ್ಲಿ ಚೆಲ್ಲಿದ ಉಸುಕನ್ನೂ ನೋಡಿದ. ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲಿತ್ತು, ಕೊರಳತನಕ ಮೊದಲೇ ಒಣಗಿದ್ದ ಸಂಡಿಗೆ. ಸಕ್ಕುಬಾಯಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ದುರ್ಗಪ್ಪ ಡಬ್ಬಿಯ ಮುಚ್ಚಳ ಒತ್ತಿ ಬಿಗಿ ಮಾಡಿದ. ಹೊರಗೆ ಬಂದು, "ತಪ್ಪಾತು," ಎಂದಷ್ಟೇ ಅಂದ.

ಸ್ವಪ್ನಾ ಇದನ್ನೆಲ್ಲ ಕಂಡಳು. ಕೈ ಉರಿಯುತ್ತಿತ್ತು. ಎದ್ದು ಒಳಕೋಣೆಗೆ ಹೋದಳು.

ಮುಂದಿನ ದಿನಗಳಲ್ಲಿ ಆ ಮನೆಯಲ್ಲಿ ಯಾರೂ ಒಂದು ಕಡೆ ಕೂಡಲಿಲ್ಲ. ಮಲ್ಲೇಶ ಅಪ್ಪ ಉಣ್ಣುವ ಹೊತ್ತು ತಪ್ಪಿಸಿ ಉಣ್ಣುತ್ತಿದ್ದ. ಸಕ್ಕುಬಾಯಿ ಸೊಸೆಗೆ ತುತ್ತು ಮಾಡಿ ಉಣಿಸುವಳು, ತಲೆ ಬಾಚುವಳು, ಐದು ನಿಮಿಷಕ್ಕೊಮ್ಮೆ ಎದ್ದು ಒರೆಸಿದ ನೆಲವನ್ನೇ ಒರೆಸುವಳು. ಬಟ್ಟೆ ಕೊಟ್ಟವರು ಬಾಗಿಲಿಗೆ ಬರತೊಡಗಿದರು. ಗೋದುಬಾಯಿಯ ಮಗಳ ಮದುವೆ ಹತ್ತಿರ ಬಂದಿತ್ತು. ಸುಟ್ಟದ್ದು ಅವರದೇ ಬ್ಲೌಸು. ಆಕೆ ಹೊಸ ಪೀಸು ತಂದು ಹಿಡಿದುಕೊಂಡು ನಿಂತಳು.

"ಬ್ಯಾರೆ ಕಡೆ ಕೊಡ್ಲೇನವಾ ಸ್ವಪ್ನಾ? ಬೇಜಾರ ಮಾಡಕೋಬ್ಯಾಡ."

ಸ್ವಪ್ನಾ ಉತ್ತರ ಕೊಡುವ ಮೊದಲು ಹಿಂದಿನಿಂದ ದುರ್ಗಪ್ಪ ಅಂದ: "ಇಲ್ಲೇ ಕೊಟ್ಟು ಹೋಗ್ರಿ. ಅಕಿ ಹೇಳತಾಳ, ನಾ ಹೊಲೀತೇನಿ."

ಗೋದುಬಾಯಿ ನಕ್ಕಳು. ದುರ್ಗಪ್ಪ ನಗಲಿಲ್ಲ. ಕನ್ನಡಕ ಒರೆಸಿಕೊಂಡು ಮಷೀನಿನ ಮುಂದೆ ಕೂತೇಬಿಟ್ಟ.

ಮೊದಲ ದಿನ ಹಳೆಯ ಲುಂಗಿಯ ಚೂರಿನ ಮೇಲೆ ಹೊಲಿಗೆ ಹಾವಿನಂತೆ ಹರಿದಾಡಿತು.

"ಮಾವಾರ, ಕಾಲು ಜೋರ ಒತ್ತಬ್ಯಾಡ್ರಿ."

"ಒತ್ತಿಲ್ಲ."

"ಒತ್ತಾಕತ್ತೀರಿ. ದಾರ ನೋಡ್ರಿ, ಗಂಟ ಆಗೇತಿ. ಬಿಚ್ಚರಿ."

"ಮತ್ತ?"

"ಮತ್ತ ಬಿಚ್ಚರಿ. ಅರಬಿ ಜಗ್ಗಬ್ಯಾಡ್ರಿ, ಅದ ತಾನ ಮುಂದ ಹೋಗತೈತಿ."

ಅವಳು ಮಾವನಿಗೆ ಹೀಗೆ ಎದುರಿಗೆ ಮಾತಾಡಿದ್ದು ಇದೇ ಮೊದಲ ಸಲ. ಅವನಿಗೆ ಬೈಸಿಕೊಂಡೆ ಎಂದು ಅನಿಸಿದ ಹಾಗೂ ಕಾಣಲಿಲ್ಲ. ಬಿಚ್ಚಿದ, ಹೊಲಿದ, ಬಿಚ್ಚಿದ. ಕತ್ತರಿಸುವುದಕ್ಕೆ ಅವಳ ತಂಗಿ ಹಳಿಯಾಳದಿಂದ ಬಂದು ಹೋದಳು. ನಾಲ್ಕನೇ ಬ್ಲೌಸಿನ ಹೊತ್ತಿಗೆ ಭುಜದ ಹೊಲಿಗೆ ನೆಟ್ಟಗೆ ಬಂತು. ತೋಳು ಮಾತ್ರ ಅವನಿಗೆ ಕಡೆಯವರೆಗೂ ಒಲಿಯಲಿಲ್ಲ. ಗೋದುಬಾಯಿಯ ಮಗಳು ಮದುವೆಯ ದಿನ ಎಡಗೈ ಎತ್ತಿದಾಗಲೆಲ್ಲ ಬಿಗಿಯುತ್ತಿತ್ತಂತೆ.

ಒಂದು ರವಿವಾರ ಮಲ್ಲೇಶನಿಗೆ ರಜೆ. ಸಕ್ಕುಬಾಯಿ ಹಟ ಹಿಡಿದು ಎಲ್ಲರನ್ನೂ ಒಟ್ಟಿಗೆ ಕೂಡಿಸಿದಳು. ಅನ್ನ, ಬದನೆಕಾಯಿ ಪಲ್ಲೆ, ಕರಿದ ಸಂಡಿಗೆ. ಮಲ್ಲೇಶ ಸಂಡಿಗೆ ಮುರಿಯುತ್ತ ಅಂದ:

"ಉಳಿದ ಎರಡು ಬ್ಯಾಟರಿ, ಆ ಗಾಡಿ ಎಲ್ಲಾ ಇವತ್ತ ಕಾಳಿ ಹೊಳಿಗೆ ಒಗದು ಬರತೇನಿ."

"ಹೊಳಿಗೆ ಒಗಿಯೂ ಸಾಮಾನಲ್ಲ ಅದು. ವಿಠ್ಠಲಗ ವಾಪಸ ಕೊಡತೇನಿ," ಎಂದ ದುರ್ಗಪ್ಪ.

"ಅಂದ್ರ ಇನ್ನೂ ಮನ್ಯಾಗ ಇರಬೇಕು? ನಿಮಗ ಹೇಳಿ ಹೇಳಿ ಸಾಕಾತು. ಒಂದು ಸಾಮಾನು ಎಲ್ಲಿ ಇಡಬೇಕು ಅನ್ನೂದು ಗೊತ್ತಿಲ್ಲದಾಂವಗ..."

"ಮಲ್ಲೂ, ಸುಮ್ಮನಿರು." ಸಕ್ಕುಬಾಯಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಟ್ರಂಕಿನ್ಯಾಗ ಇಟ್ಟಾಕಿ ನಾನು."

ಮಲ್ಲೇಶನ ಕೈ ನಿಂತಿತು.

"ಡಬ್ಬಿ ಬೇಕಾಗಿತ್ತು. ಉಸುಕು ಚೆಲ್ಲಿದೆ. ಎಲ್ಲಿ ಇಡೂದು ಅಂತ ತಿಳೀಲಿಲ್ಲ. ಟ್ರಂಕಿಗೆ ಕೀಲಿ ಐತಿ, ಯಾರ ಕೈಗೂ ಸಿಗಬಾರದು ಅಂತ ಪಾತ್ರಿ ಮ್ಯಾಲ ಇಟ್ಟೆ. ವಿಠ್ಠಲ ಹೇಳಿದ್ದ, ಹಿತ್ತಾಳಿ ತಾಗಬಾರದು ಅಂತ. ನಾ ಆವತ್ತು ನಗಾಕತ್ತಿದ್ದೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಷ್ಟು ದಿವಸ ಇವರು ನನ್ನ ಸಲುವಾಗಿ ಬೈಸಿಕೊಂಡ್ರು. ನನಗ ತುತ್ತು ಇಳೀವಲ್ದು."

"ನಿಮಗ ಗೊತ್ತಿತ್ತೇನು?" ಮಲ್ಲೇಶ ಅಪ್ಪನನ್ನು ಕೇಳಿದ.

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ಪೂರಾ ಚಾರ್ಜ್ ಮಾಡಿ ಬಿಟ್ಟು ಹೋದಾಂವ ನಾನು. ಉಬ್ಬಿದ್ದನ್ನ ಇಟಕೊಂಡಾಂವ ನಾನು. ಅರ್ಧಕ್ಕ ಇಳಿಸಿ ಇಟ್ಟಿದ್ರ ಇಷ್ಟು ಆಗತಿರಲಿಲ್ಲ. ಅಕಿ ಮ್ಯಾಲ ಹಾಕಿ ನಾ ಎಲ್ಲಿ ಹೋಗ್ಲಿ?"

"ಡಬ್ಬಿ ಬೋರಲು ಹಾಕಿದ್ದು ನಾನೂ ನೋಡಿದ್ದೆ," ಎಂದಳು ಸ್ವಪ್ನಾ. "ಕೇಳಲಿಲ್ಲ. ಹೋದ್ರ ಹೋಗ್ಲಿ ಅಂದೆ."

ಮಲ್ಲೇಶ ತಾಟಿನಲ್ಲಿದ್ದದ್ದನ್ನೆಲ್ಲ ಉಂಡ. ಕೈ ತೊಳೆದುಕೊಂಡು ಹಿತ್ತಲಿಗೆ ಹೋದ. ಬಿಸಿಲಲ್ಲಿ ಇಟ್ಟಂಗಿ ಎತ್ತಿಡುವ ಸದ್ದು ಕೇಳಿತು. ಸಂಜೆಯ ಹೊತ್ತಿಗೆ ಗೋಡೆಗೆ ಹತ್ತಿ, ನೇರಳೆ ಮರದ ನೆರಳಲ್ಲಿ ಒಂದು ಗೂಡು ಎದ್ದಿತ್ತು. ಒಳಗೆ ಉಸುಕು, ಮೇಲೆ ಕಡಪಾ ಕಲ್ಲು, ಮುಂದೆ ತಗಡಿನ ಕದಕ್ಕೆ ಬೀಗ.

"ಇನ್ನ ಯಾತಕ್ಕೋ ಇದು? ವಿಠ್ಠಲ ಬಂದು ಒಯ್ತಾನ," ಎಂದ ದುರ್ಗಪ್ಪ.

"ಅಲ್ಲಿತನಕ ಇರಬೇಕಲ್ಲ." ಮಲ್ಲೇಶ ಕೀಲಿಯನ್ನು ಅಪ್ಪನ ಕೈಗೂ ಕೊಡಲಿಲ್ಲ, ಅವ್ವನ ಕೈಗೂ ಕೊಡಲಿಲ್ಲ. ಸ್ವಪ್ನಾಳ ಎಡಗೈಯಲ್ಲಿಟ್ಟ.

ಮೇ ತಿಂಗಳ ಕೊನೆಗೆ ಪಟ್ಟಿ ಬಿಚ್ಚಿದರು. ಅಂಗೈಯ ಚರ್ಮ ಎಳೆಯ ಗುಲಾಬಿ ಬಣ್ಣಕ್ಕಿತ್ತು. ಕೊನೆಯ ಎರಡು ಬೆರಳು ಪೂರಾ ಮಡಚುತ್ತಿರಲಿಲ್ಲ. ಸ್ವಪ್ನಾ ನಿಧಾನಕ್ಕೆ ಮಷೀನಿಗೆ ಮರಳಿದಳು. ದುರ್ಗಪ್ಪ ಎದ್ದು ಜಾಗ ಬಿಟ್ಟುಕೊಟ್ಟ. ಎರಡು ದಿನ ಮುಂಬಾಗಿಲಿಂದ ಹಿತ್ತಲಿಗೆ, ಹಿತ್ತಲಿಂದ ಮುಂಬಾಗಿಲಿಗೆ ತಿರುಗಿದ. ಮೂರನೆಯ ದಿನ ಸ್ವಪ್ನಾ ನೋಡುತ್ತಾಳೆ, ಅಡುಗೆಮನೆಯಲ್ಲಿ ನಿಂತು ಚಹಾಪುಡಿ ಡಬ್ಬಿಯ ಮುಚ್ಚಳ ತಿರುವುತ್ತಿದ್ದ. ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕಸಿವಿಸಿ.

ವಿಠ್ಠಲ ನಾಡಿದ್ದು ಬರುವವನಿದ್ದ. ಗಾಡಿಯನ್ನು ಒರೆಸಿ ಖೋಕಾದಲ್ಲಿಟ್ಟಾಗಿತ್ತು.

"ಮಾವಾರ, ಕೊಡೂದು ಹೆಂಗೂ ಕೊಡ್ತೀರಿ," ಎಂದಳು ಸ್ವಪ್ನಾ ಚಹಾ ಕೊಡುತ್ತ. "ಇವತ್ತೊಂದು ಸಲ ಆಡಿಸಿ ಬರ್ರಿ. ಒಂದು ಬ್ಯಾಟರಿ ತಗದು ಕೊಡತೇನಿ. ಕಟ್ಟಿ ಮ್ಯಾಲ ಕುಂತು ಚಾರ್ಜ್ ಮಾಡ್ರಿ, ನಾ ಇಲ್ಲೇ ಇರತೇನಿ. ಅತ್ತಿನೂ ಬರ್ತಾರ."

"ನಾ ಯಾಕ? ನಾ ಒಲ್ಲೆ," ಎಂದಳು ಸಕ್ಕುಬಾಯಿ.

"ಇಷ್ಟು ದಿವಸದಾಗ ಒಂದು ದಿವಸ ನೋಡಿಲ್ಲ ನೀವು. ನಡೀರಿ."

ಸಂಜೆ ಬಯಲಿನಲ್ಲಿ ಬಿಸಿಲು ಇಳಿದಿತ್ತು. ಮಿಲ್ಲಿನ ವಾಸನೆ ಗಾಳಿಯಲ್ಲಿ ಬರುತ್ತಿತ್ತು. ಪಾಳಿಗೆ ಹೊರಡುವ ಮುಂಚೆ ಮಲ್ಲೇಶನೂ ಬಂದು ಸೈಕಲ್ಲಿಗೆ ಆನಿಕೊಂಡು ನಿಂತ. ದುರ್ಗಪ್ಪ ನಾಲ್ಕು ಸುತ್ತು ಹೊಡೆಸಿದ, ದಿಬ್ಬದ ಮೇಲಿಂದ ಹಾರಿಸಿದ. ಆಮೇಲೆ ಇದ್ದಕ್ಕಿದ್ದಂತೆ ರಿಮೋಟನ್ನು ಹೆಂಡತಿಯ ಕೈಗೆ ತುರುಕಿದ.

"ಹಿಡಿ."

"ಅಯ್ಯ, ನಂಗ್ಯಾಕ್ರಿ? ಮುರದು ಗಿರದು ಬಿಟ್ಟೇನು!"

"ಈ ಬಟನ್ ಒತ್ತಿದ್ರ ಓಡತೈತಿ. ಈ ಗಾಲಿ ತಿರುವಿದ್ರ ಹೊರಳತೈತಿ. ಅಷ್ಟ."

ಸಕ್ಕುಬಾಯಿ ಒತ್ತಿದಳು. ಗಾಡಿ ಚಂಗನೆ ಹಾರಿ ಮಲ್ಲೇಶನ ಸೈಕಲ್ಲಿಗೆ ಗುದ್ದಿತು. ಅವಳು ರಿಮೋಟು ಒಗೆಯಹೋದಳು, ದುರ್ಗಪ್ಪ ಅವಳ ಕೈ ಹಿಡಿದ. ಎರಡನೆಯ ಸಲ ಅದು ವಕ್ರವಾಗಿ ಓಡಿತು. ಮೂರನೆಯ ಸಲ ನೆಟ್ಟಗೆ. ಆಮೇಲೆ ಸೆರಗು ಜಾರಿದ್ದೂ ಗೊತ್ತಿಲ್ಲದೆ, ಗಾಡಿ ತಿರುಗಿದ ಕಡೆಗೆಲ್ಲ ಮೈ ತಿರುಗಿಸುತ್ತ, ದೂಳಿನಲ್ಲಿ ಅದನ್ನು ಸುತ್ತಿಸಿದಳು. ದಿಬ್ಬ ಹತ್ತಿಸಿದಳು. ಹಾರಿಸಿದಳು. ನಿಂತು ನೋಡುತ್ತಿದ್ದವರು "ವಾಹ್ವಾ ಸಕ್ಕುಬಾಯಿ!" ಎಂದು ಕೂಗಿದರು. ಅವಳು ತಿರುಗಿ ನೋಡಲಿಲ್ಲ.

ಬ್ಯಾಟರಿ ಇಳಿಯುತ್ತ ಬಂತು. ಗಾಡಿ ನಿಧಾನವಾಯಿತು, ತೆವಳಿತು, ಬಯಲಿನ ನಡುವೆ ನಿಂತಿತು. ಸಕ್ಕುಬಾಯಿ ಇನ್ನೂ ಒತ್ತುತ್ತಲೇ ಇದ್ದಳು.

"ಮುಗೀತು," ಎಂದ ದುರ್ಗಪ್ಪ ಮೆಲ್ಲಗೆ.

"ಇನ್ನೊಂದು ಐತಲ್ಲ?"

ದುರ್ಗಪ್ಪ ಹೆಂಡತಿಯನ್ನು ನೋಡಲಿಲ್ಲ. ಸೊಸೆಯನ್ನು ನೋಡಿದ. ಮಲ್ಲೇಶನೂ ನೋಡಿದ. ಸ್ವಪ್ನಾಳ ಬೆರಳುಗಳು ಸಂಜೆಯಾದರೆ ಜಗ್ಗುತ್ತಿದ್ದವು, ಈಗಲೂ ಜಗ್ಗುತ್ತಿದ್ದವು. ಇಲ್ಲ ಎಂದರೆ ಯಾರೂ ಎದುರು ಮಾತಾಡುತ್ತಿರಲಿಲ್ಲ. ಅವಳು ಬಲಗೈಯನ್ನು ಎಡಗೈಯಿಂದ ತಿಕ್ಕಿಕೊಂಡಳು.

"ಐತ್ರಿ," ಎಂದಳು. "ಆದ್ರ ಈಗ ಬ್ಯಾಡ. ಗಾಡಿ ಬಿಸಿ ಇರತೈತಿ, ತಣ್ಣಗಾಗಲಿ. ಇದನ್ನ ಮೊದಲ ಅರ್ಧಕ್ಕ ಏರಿಸಿ ಗೂಡಿನ್ಯಾಗ ಇಡೂಣು. ನಾಳೆ ಸಂಜಿಮುಂದ ಇನ್ನೊಂದು ತಗೀತೇನಿ." ಗಂಡನ ಕಡೆ ತಿರುಗಿದಳು. "ರೀ, ವಿಠ್ಠಲಗ ಫೋನ್ ಮಾಡ್ರಿ. ನಾಡಿದ್ದು ಬರೇ ಊಟಕ್ಕ ಬಾ ಅನ್ರಿ. ಖಾಲಿ ಕೈಲೇ ಹೋಗಬೇಕಾಗತೈತಿ ಅಂತನೂ ಹೇಳ್ರಿ."

ಮಲ್ಲೇಶ ತಲೆ ಕೆರೆದುಕೊಳ್ಳುತ್ತ ಸೈಕಲ್ ಹತ್ತಿದ. ದುರ್ಗಪ್ಪ ಗಾಡಿ ತರಲು ಬಯಲಿನ ನಡುವಿಗೆ ನಡೆದ. ವಾಪಸು ಬಂದು ರಿಮೋಟಿಗೆ ಕೈ ಚಾಚಿದರೆ, ಸಕ್ಕುಬಾಯಿ ಅದನ್ನು ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಆಗಲೇ ಮನೆಯ ಹಾದಿ ಹಿಡಿದಿದ್ದಳು.